ಬೋರ್ಡ್ ಆಮೇಲೆ, ಬೂಟು ಮೊದಲು

ಕೊಲೊರಾಡೊದ ಸ್ಕೀ ಪಟ್ಟಣವೊಂದರಲ್ಲಿ ಸ್ನೋಬೋರ್ಡ್‌ಗಳ ಅಂಚಿಗೆ ಸಾಣೆ ಹಿಡಿಯುವುದು, ಬೂಟು ಮತ್ತು ಅದನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗ್ ಹೊಂದಿಸಿಕೊಡುವುದು ನನ್ನ ವೃತ್ತಿ. ಡೆನ್ವರ್‌ನಿಂದಲೋ ಡಲ್ಲಾಸ್‌ನಿಂದಲೋ ಬರುವ ಕನ್ನಡಿಗರು ನನ್ನ ಭಾಷೆ ತಿಳಿದೊಡನೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಕಾರ್ವಿಂಗ್ ಮಾಡಬೇಕು ಸರ್, ಯಾವ ಬೋರ್ಡ್ ಕೊಳ್ಳಲಿ?” ಬೋರ್ಡಿನ ಹೆಸರು ಹೇಳುವುದಕ್ಕೆ ಮೊದಲು ನಾನು ಅವರ ಬೂಟು ಕೇಳುತ್ತೇನೆ. ಕೆಲವರಿಗೆ ಇದು ಮಾತು ತಪ್ಪಿಸಿದಂತೆ ಕಾಣುತ್ತದೆ. ಆದರೆ ಕಾರ್ವಿಂಗ್ ಆಗುತ್ತದೋ ಇಲ್ಲವೋ ಎಂಬುದು ಬೋರ್ಡಿನ ಬೆಲೆಗಿಂತ ಹೆಚ್ಚಾಗಿ ನಿಂತಿರುವುದು ಬೂಟಿನ ತುದಿ ಬೋರ್ಡಿನ ಅಂಚಿನಿಂದ ಎಷ್ಟು ಆಚೆ ಚಾಚಿಕೊಂಡಿದೆ ಎಂಬುದರ ಮೇಲೆ.

ಕಾರ್ವಿಂಗ್ ಎಂದರೆ ಬೋರ್ಡನ್ನು ಅಡ್ಡ ಜಾರಿಸದೆ ತಿರುಗುವುದು. ಕಲಿಯುವಾಗ ನಾವೆಲ್ಲ ಹಿಂಗಾಲಿನಿಂದ ಬೋರ್ಡನ್ನು ಪಕ್ಕಕ್ಕೆ ತಳ್ಳಿ, ಹಿಮವನ್ನು ಕೆರೆಯುತ್ತ ತಿರುಗುತ್ತೇವೆ. ಹಿಂದೆ ಅಗಲವಾದ ಪಟ್ಟೆ ಉಳಿಯುತ್ತದೆ. ಕಾರ್ವಿಂಗ್‌ನಲ್ಲಿ ತಳ್ಳುವ ಕೆಲಸವೇ ಇಲ್ಲ. ಬೋರ್ಡಿನ ಎರಡು ಪಕ್ಕಗಳೂ ನಡುಭಾಗದಲ್ಲಿ ಒಳಕ್ಕೆ ಬಾಗಿರುತ್ತವೆ; ಇದಕ್ಕೆ ಸೈಡ್‌ಕಟ್ ಎನ್ನುತ್ತೇವೆ. ಅಂಚಿನ ಮೇಲೆ ವಾಲಿಸಿ ಭಾರ ಹಾಕಿದಾಗ ಬೋರ್ಡ್ ಬಾಗಿ, ಆ ಸೈಡ್‌ಕಟ್ ಹೇಳಿದ ದಾರಿಯಲ್ಲೇ ಸಾಗುತ್ತದೆ. ಹಿಂದೆ ಉಳಿಯುವುದು ಕುಡುಗೋಲಿನ ಮೊನೆಯಿಂದ ಗೀರಿದಂಥ ಒಂದೇ ಸಪೂರ ಗೆರೆ.

ಇದರಲ್ಲಿ ಒಂದು ಸರಳ ಲೆಕ್ಕವಿದೆ. ಸೈಡ್‌ಕಟ್‌ನ ತ್ರಿಜ್ಯವನ್ನು ವಾಲಿಸಿದ ಕೋನದ ಕೊಸೈನ್‌ನಿಂದ ಗುಣಿಸಿದರೆ ತಿರುವಿನ ತ್ರಿಜ್ಯ ಹೆಚ್ಚುಕಡಿಮೆ ಸಿಗುತ್ತದೆ. 10 ಮೀಟರ್ ಸೈಡ್‌ಕಟ್ ಇರುವ ಬೋರ್ಡನ್ನು 30 ಡಿಗ್ರಿ ವಾಲಿಸಿದರೆ ತಿರುವು ಸುಮಾರು 8.7 ಮೀಟರ್; 60 ಡಿಗ್ರಿ ವಾಲಿಸಿದರೆ 5 ಮೀಟರ್. ಮೊದಲ 30 ಡಿಗ್ರಿ ಕೊಡುವುದು ಬಹಳ ಕಡಿಮೆ, ಮುಂದಿನ 30 ಡಿಗ್ರಿ ಕೊಡುವುದು ಬಹಳ ಹೆಚ್ಚು. ಕಾರ್ವಿಂಗ್‌ನ ಸುಖವೆಲ್ಲ ಇರುವುದು 45 ಡಿಗ್ರಿ ದಾಟಿದ ಮೇಲೆಯೇ, ಬೂಟು ಅಡ್ಡ ಬರುವುದೂ ಸರಿಯಾಗಿ ಅಲ್ಲಿಯೇ.

ಸಾಮಾನ್ಯ ಬೋರ್ಡೊಂದರ ನಡು ಅಗಲ 25 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹೊರಮೈ 30 ಸೆಂಟಿಮೀಟರ್ ಉದ್ದವಿರುವ ಬೂಟನ್ನು ಅದರ ಮೇಲೆ ಪೂರ್ತಿ ಅಡ್ಡವಾಗಿಡದೆ 15 ಡಿಗ್ರಿ ತಿರುಗಿಸಿ ಕೂರಿಸಿದರೆ ಅಡ್ಡ ಅಳತೆ 29 ಸೆಂಟಿಮೀಟರ್. ಬೆರಳಿನ ಕಡೆ ಎರಡು, ಹಿಮ್ಮಡಿಯ ಕಡೆ ಎರಡು ಸೆಂಟಿಮೀಟರ್ ಹೊರಗೆ ಚಾಚಿರುತ್ತದೆ. ಬೂಟಿನ ಅಡಿ ಬೋರ್ಡಿನ ತಳದಿಂದ ಎರಡೂವರೆ ಸೆಂಟಿಮೀಟರ್ ಮೇಲಿದ್ದರೆ, ಬೋರ್ಡ್ 50 ಡಿಗ್ರಿಯ ಆಸುಪಾಸಿಗೆ ವಾಲಿದಾಗ ಬೂಟಿನ ತುದಿ ಹಿಮಕ್ಕೆ ತಾಗುತ್ತದೆ. ಹಿಮ ಮೆತ್ತಗಿದ್ದು ಅಂಚು ಒಳಗೆ ಇಳಿದರೆ ಅದಕ್ಕೂ ಮೊದಲೇ ತಾಗುತ್ತದೆ. ತಾಗಿದ ಕ್ಷಣ ಬೂಟು ಬೋರ್ಡನ್ನು ಎತ್ತಿಬಿಡುತ್ತದೆ, ಅಂಚಿನ ಹಿಡಿತ ಹೋಗುತ್ತದೆ, ಸವಾರ ನೆಲಕ್ಕೆ. ಹೀಗೆ ಬಿದ್ದವರು ತಮ್ಮ ಕೌಶಲವನ್ನು ದೂರಿಕೊಳ್ಳುತ್ತಾರೆ, ಇನ್ನೂ ದುಬಾರಿ ಬೋರ್ಡಿನ ಕನಸು ಕಾಣುತ್ತಾರೆ. ನಿಜದಲ್ಲಿ ಅವರಿಗೆ ಬೇಕಾಗಿದ್ದುದು ಒಂದು ಸೆಂಟಿಮೀಟರ್ ಅಗಲ.

ಆ ಒಂದು ಸೆಂಟಿಮೀಟರನ್ನು ಹೊಂದಿಸಲು ಹಲವು ದಾರಿಗಳಿವೆ. ನಡು ಅಗಲ 26 ಅಥವಾ 27 ಸೆಂಟಿಮೀಟರ್ ಇರುವ ಬೋರ್ಡ್ ಕೊಳ್ಳಬಹುದು. ಹೊರಮೈ ಚಿಕ್ಕದಿರುವ ಬೂಟು ಹುಡುಕಬಹುದು. ಒಳಗಿನ ಅಳತೆ ಒಂದೇ ಇದ್ದರೂ ಹೊರಗಿನ ಉದ್ದ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ, ಆದ್ದರಿಂದ ಟೇಪು ಹಿಡಿದೇ ಅಳೆಯಬೇಕು. ಬೈಂಡಿಂಗ್ ಕೆಳಗೆ ದಪ್ಪ ಪ್ಲೇಟ್ ಇಟ್ಟು ಎತ್ತರಿಸಬಹುದು. ಇಲ್ಲವೇ ಪಾದಗಳನ್ನು ಇನ್ನಷ್ಟು ಮುಂದಕ್ಕೆ ತಿರುಗಿಸಬಹುದು: ಅದೇ ಬೂಟು 30 ಡಿಗ್ರಿಗೆ ತಿರುಗಿದರೆ ಅದರ ನಡುಗೆರೆಯ ಅಡ್ಡ ಅಳತೆ 26 ಸೆಂಟಿಮೀಟರ್‌ಗೆ ಇಳಿಯುತ್ತದೆ. ಜಪಾನಿನಲ್ಲಿ ಮೆತ್ತನೆಯ ಬೂಟಿನಲ್ಲೇ ಕಾರ್ವಿಂಗ್ ಮಾಡುವ ದೊಡ್ಡ ಪರಂಪರೆ ಬೆಳೆದಿದೆ. ಗ್ರೇ, ಒಗಸಾಕಾದಂಥ ಅಲ್ಲಿನ ತಯಾರಕರು ಅದಕ್ಕೆಂದೇ ಬೋರ್ಡ್ ಮಾಡುತ್ತಾರೆ. ನೆಲಕ್ಕೆ ಮೈ ತಾಗುವಷ್ಟು ವಾಲುವ ಆ ಸವಾರರ ವಿಡಿಯೊ ನೋಡಿ ನನ್ನ ಬಳಿ ಬರುವವರು ಈಗ ಹೆಚ್ಚಾಗಿದ್ದಾರೆ. ನನಗೆ ಇದು ತುಂಬ ಸಂತೋಷದ ಸಂಗತಿ.

ಅಗಲ ಹೆಚ್ಚಿದಷ್ಟೂ ಒಳ್ಳೆಯದು ಎಂದು ಮಾತ್ರ ತಿಳಿಯಬೇಡಿ. ಅಗಲದ ಬೋರ್ಡನ್ನು ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸಲು ಹೆಚ್ಚು ಸಮಯ, ಹೆಚ್ಚು ಬಲ ಬೇಕು. ಮನೆಯಲ್ಲಿ ಗಂಡನ ಹಳೆಯ ಬೋರ್ಡನ್ನು ಹೆಂಡತಿಗೆ ಕೊಡುವ ರೂಢಿಯಿದೆಯಲ್ಲ, ಅದನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಚಿಕ್ಕ ಪಾದದವರು ಅಗಲದ ಬೋರ್ಡಿನ ಮೇಲೆ ನಿಂತರೆ ಅವರ ಬೆರಳೂ ಹಿಮ್ಮಡಿಯೂ ಅಂಚಿನಿಂದ ದೂರ ಉಳಿಯುತ್ತವೆ. ಇಡೀ ದಿನ ಕಷ್ಟಪಟ್ಟು, “ಇದು ನನಗೆ ಒಗ್ಗುವುದಿಲ್ಲ” ಎಂದು ಆಕೆ ಬಿಟ್ಟುಬಿಡುತ್ತಾಳೆ. ಒಗ್ಗದಿದ್ದುದು ಬೋರ್ಡು.

ನಿಲುವಿನ ವಿಷಯದಲ್ಲಿ ನನ್ನ ಸಹೋದ್ಯೋಗಿಗಳೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ. ಮುಂಗಾಲು 15 ಡಿಗ್ರಿ ಮುಂದಕ್ಕೆ, ಹಿಂಗಾಲು 15 ಡಿಗ್ರಿ ಹಿಂದಕ್ಕೆ ಮುಖ ಮಾಡುವ ಜೋಡಣೆ ಬಾಡಿಗೆ ಅಂಗಡಿಗಳಲ್ಲಿ ಸಾಮಾನ್ಯ. ಕಲಿಯಲು, ಜಿಗಿಯಲು, ಎರಡೂ ದಿಕ್ಕಿಗೆ ಸವಾರಿ ಮಾಡಲು ಅದು ಸರಿಯೇ. ಅದರಲ್ಲೇ ಸೊಗಸಾಗಿ ಕಾರ್ವಿಂಗ್ ಮಾಡುವವರೂ ಇದ್ದಾರೆ. ಆದರೂ ಸಮತಟ್ಟು ಮಾಡಿದ ಇಳಿಜಾರಿನಲ್ಲಿ ಮಾತ್ರ ಓಡಾಡುವವರಿಗೆ ಎರಡು ಪಾದಗಳೂ ಮುಂದಕ್ಕೆ ತಿರುಗಿರಲಿ ಎಂಬುದು ನನ್ನ ಸಲಹೆ: ಮುಂಗಾಲು 27 ಅಥವಾ 30, ಹಿಂಗಾಲು 9 ಅಥವಾ 12. ಹಿಮ್ಮಡಿ ಕಡೆಯ ತಿರುವಿನಲ್ಲಿ ಸೊಂಟ ಹೋಗುವ ದಿಕ್ಕಿಗೆ ತೆರೆದುಕೊಳ್ಳುತ್ತದೆ, ಕಣ್ಣು ಮುಂದಿನ ದಾರಿಯನ್ನು ಕಾಣುತ್ತದೆ. ಬೈಂಡಿಂಗ್ ಚಕ್ರದ ಹಲ್ಲುಗಳು ಸಾಮಾನ್ಯವಾಗಿ 3 ಡಿಗ್ರಿಗೆ ಒಂದರಂತೆ ಇರುತ್ತವೆ. ಒಂದೆರಡು ಹಲ್ಲಿನಷ್ಟು ಬದಲಿಸಿ, ಅರ್ಧ ದಿನ ಸವಾರಿ ಮಾಡಿ, ಹಿಂಗಾಲಿನ ಮಂಡಿ ಏನು ಹೇಳುತ್ತದೆ ಎಂದು ಕೇಳಿ, ಆಮೇಲೆ ಮುಂದುವರಿಯಿರಿ.

ಗಟ್ಟಿ ಪ್ಲಾಸ್ಟಿಕ್ ಬೂಟು, ಲೋಹದ ಪ್ಲೇಟ್ ಬೈಂಡಿಂಗ್, ನಡು ಅಗಲ 18ರಿಂದ 21 ಸೆಂಟಿಮೀಟರ್ ಇರುವ ಉದ್ದನೆಯ ಬೋರ್ಡ್: ಇದು ಬೇರೆಯೇ ಲೋಕ. ಪಾದಗಳು 55-60 ಡಿಗ್ರಿ ಮುಂದಕ್ಕೆ ತಿರುಗಿರುವುದರಿಂದ ಇಷ್ಟು ಕಿರಿದಾದ ಬೋರ್ಡಿನಲ್ಲೂ ಬೂಟು ಹೊರಗೆ ಚಾಚುವುದಿಲ್ಲ. ಸ್ನೋಬೋರ್ಡ್ ಒಲಿಂಪಿಕ್ಸ್‌ಗೆ ಬಂದ 1998ರ ನಗಾನೊ ಕ್ರೀಡಾಕೂಟದಲ್ಲಿ, ಶಿಗಾ ಕೋಗೆನ್‌ನ ಇಳಿಜಾರಿನಲ್ಲಿ ಜೈಂಟ್ ಸ್ಲಾಲಮ್ (ನೆಟ್ಟ ಕಂಬಗಳನ್ನು ಬಳಸಿ ತಿರುಗುತ್ತ ಇಳಿಯುವ ಸ್ಪರ್ಧೆ) ನಡೆದದ್ದು ಇಂಥ ಸಲಕರಣೆಯಿಂದಲೇ. 2018ರಲ್ಲಿ ಚೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಸ್ಕೀಯಿಂಗ್‌ನ ಸೂಪರ್-ಜಿ ಮತ್ತು ಸ್ನೋಬೋರ್ಡ್‌ನ ಪ್ಯಾರಲಲ್ ಜೈಂಟ್ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದಾಗ, ಅಂಚಿನ ವಿದ್ಯೆ ಎರಡಕ್ಕೂ ಒಂದೇ ಎಂದು ನಾವು ಹೇಳುತ್ತಿದ್ದ ಮಾತಿಗೆ ದೊಡ್ಡ ಸಾಕ್ಷಿ ಸಿಕ್ಕಿತು. ಸ್ವಿಟ್ಜರ್ಲೆಂಡಿನ ಕೆಸ್ಲರ್, ಇಲ್ಲೇ ಕೊಲೊರಾಡೊದ ಡೊನೆಕ್ ಮೊದಲಾದವರು ಈ ಬಗೆಯ ಬೋರ್ಡ್ ಮಾಡುತ್ತಾರೆ. ಆದರೆ ಗಟ್ಟಿ ಬೂಟು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ, ಬಾಡಿಗೆಗಂತೂ ಅಪರೂಪ. ಮೆತ್ತನೆಯ ಬೂಟಿನಲ್ಲಿ ಸಪೂರ ಗೆರೆ ಎಳೆಯಲು ಬಂದ ಮೇಲೆ ಇತ್ತ ಬನ್ನಿ.

ಬೂಟಿನ ಅಳತೆಗೆ ಮರಳುತ್ತೇನೆ, ಏಕೆಂದರೆ ಹೆಚ್ಚಿನ ಹಾನಿ ಆಗುವುದು ಇಲ್ಲಿ. ಸ್ನೋಬೋರ್ಡ್ ಬೂಟಿನ ಮೊಂಡೊ ಅಳತೆ ಎಂದರೆ ಸೆಂಟಿಮೀಟರಿನಲ್ಲಿ ಪಾದದ ಉದ್ದ. ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಅಳೆದುಕೊಳ್ಳಿ. ನಮ್ಮವರು ಚಪ್ಪಲಿ, ಶೂಗಳ ಅಭ್ಯಾಸದಿಂದ ಸಡಿಲವಾದುದನ್ನೇ ಆರಿಸುತ್ತಾರೆ, ಚಳಿಗೆಂದು ಎರಡು ಜೊತೆ ಕಾಲುಚೀಲವನ್ನೂ ಹಾಕುತ್ತಾರೆ. ಒಳಗೆ ಹಿಮ್ಮಡಿ ಏಳುತ್ತಿದ್ದರೆ ನೀವು ಕಾಲನ್ನು ವಾಲಿಸಿದ್ದು ಬೋರ್ಡಿಗೆ ತಲುಪುವುದೇ ಇಲ್ಲ. ನೇರ ನಿಂತಾಗ ಬೆರಳುಗಳು ಮುಂದಿನ ಗೋಡೆಯನ್ನು ಸವರಬೇಕು, ಮಂಡಿ ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಕದಲಬಾರದು. ಒಂದೇ ಜೊತೆ ತೆಳು ಉಣ್ಣೆಯ ಕಾಲುಚೀಲ ಸಾಕು. ಬಿಗಿಯಿಂದ ರಕ್ತ ಸಂಚಾರ ನಿಂತರೂ ಚಳಿಯೇ, ಆದ್ದರಿಂದ ಎರಡನೆಯ ಜೊತೆ ಪಾದವನ್ನು ಬೆಚ್ಚಗಿಡುತ್ತದೆ ಎಂಬುದು ಸುಳ್ಳು. ಹೊಸ ಬೂಟಿನ ಒಳಪದರ ಬಳಸುತ್ತ ಹೋದಂತೆ ಅದುಮಿಕೊಂಡು ಸಡಿಲವಾಗುತ್ತದೆ. ಅಂಗಡಿಯಲ್ಲೇ ಹಾಯಾಗಿರುವ ಬೂಟು ಮುಂದೆ ದೊಡ್ಡದಾಗುವುದು ನಿಶ್ಚಿತ. ಕೈಯಲ್ಲಿ ಹಣ ಕಡಿಮೆಯಿದ್ದರೆ ಬೋರ್ಡ್ ಬಾಡಿಗೆಗೆ ಪಡೆಯಿರಿ, ಬೂಟು ಕೊಂಡುಕೊಳ್ಳಿ.

ಅಂಚಿನ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ತಳದ ಕಡೆ 1 ಡಿಗ್ರಿ, ಪಕ್ಕದ ಕಡೆ 1ರಿಂದ 2 ಡಿಗ್ರಿ ಓರೆ ಬಹುತೇಕರಿಗೆ ಸರಿಹೊಂದುತ್ತದೆ. ಕೊಲೊರಾಡೊದ ಒಣ ಹಿಮ ಮೊಂಡು ಅಂಚನ್ನೂ ಕ್ಷಮಿಸುತ್ತದೆ. ವರ್ಮಾಂಟ್‌ನ ಗಡುಸು ಹಿಮ ಕ್ಷಮಿಸುವುದಿಲ್ಲ. ಬಾಡಿಗೆ ಬೋರ್ಡ್ ಪಡೆಯುವಾಗ ಉಗುರನ್ನು ಅಂಚಿನ ಮೇಲೆ ಅಡ್ಡ ಎಳೆದು ನೋಡಿ. ಉಗುರಿನ ಪುಡಿ ಏಳದಿದ್ದರೆ ಸಾಣೆ ಹಿಡಿದುಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಸಂಜೆ ಅಂಚನ್ನು ಒಣಬಟ್ಟೆಯಿಂದ ಒರೆಸದಿದ್ದರೆ ಬೆಳಗಾಗುವುದರೊಳಗೆ ತುಕ್ಕು ಕಾಣಿಸಿಕೊಳ್ಳುತ್ತದೆ.

ಇನ್ನು ರೆಸಾರ್ಟ್‌ಗಳು. ಜಾಹೀರಾತುಗಳು ಎಷ್ಟು ಹಿಮ ಬಿತ್ತು, ಬೆಟ್ಟ ಎಷ್ಟು ಎತ್ತರ ಎಂದು ಹೇಳುತ್ತವೆ. ಕಾರ್ವಿಂಗ್ ಮಾಡುವವರಿಗೆ ಇವೆರಡೂ ಮುಖ್ಯವಲ್ಲ. ರಾತ್ರಿ ಯಂತ್ರ ಓಡಿಸಿ ಸಮತಟ್ಟು ಮಾಡಿದ, ಅಗಲವಾದ, ಮಧ್ಯಮ ಕಡಿದಿನ, ಜನ ಕಡಿಮೆ ಇರುವ ಇಳಿಜಾರು ಬೇಕು. ಹಿಂದಿನ ಸಂಜೆಯೇ ಸಮತಟ್ಟು ಮಾಡಿದ ಹಿಮ ರಾತ್ರಿಯಿಡೀ ಗಟ್ಟಿಯಾಗಿ ಅಂಚಿಗೆ ಒಳ್ಳೆಯ ಆಧಾರ ಕೊಡುತ್ತದೆ. ಯಾವ ದಾರಿಗಳನ್ನು ಸಮತಟ್ಟು ಮಾಡಲಾಗಿದೆ ಎಂಬ ಪಟ್ಟಿಯನ್ನು ದೊಡ್ಡ ರೆಸಾರ್ಟ್‌ಗಳು ಬೆಳಿಗ್ಗೆ ಪ್ರಕಟಿಸುತ್ತವೆ. ಅದನ್ನು ಓದಿ, ಮೊದಲ ಲಿಫ್ಟ್ ಹಿಡಿಯಿರಿ. ಹನ್ನೊಂದು ಗಂಟೆಗೆಲ್ಲ ಹಿಮ ಗುಡ್ಡೆ ಗುಡ್ಡೆಯಾಗಿರುತ್ತದೆ, ಜನವೂ ಸೇರಿರುತ್ತಾರೆ. ಕಾರ್ವಿಂಗ್ ಮಾಡುವವನು ಇಳಿಜಾರಿನ ಇಡೀ ಅಗಲ ಬಳಸುತ್ತಾನೆ, ಹಿಮ್ಮಡಿ ತಿರುವಿನಲ್ಲಿ ಬೆನ್ನ ಹಿಂದೆ ಬರುವವರು ಅವನಿಗೆ ಕಾಣುವುದಿಲ್ಲ. ಕೆಳಗಿರುವವನಿಗೆ ದಾರಿ ಬಿಡಬೇಕೆಂಬ ನಿಯಮವಿದ್ದರೂ, ದೊಡ್ಡ ತಿರುವು ಆರಂಭಿಸುವ ಮುನ್ನ ಮೇಲಕ್ಕೊಮ್ಮೆ ನೋಡಿ.

ಈ ದೃಷ್ಟಿಯಿಂದ ಕೊಲೊರಾಡೊದಲ್ಲಿ ನನ್ನ ಮೊದಲ ಆಯ್ಕೆ ಆಸ್ಪೆನ್ ಬಳಿಯ ಬಟರ್‌ಮಿಲ್ಕ್. ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡಾಕೂಟ ನಡೆಯುವ ಬೆಟ್ಟವೆಂದು, ಕಲಿಯುವವರ ಬೆಟ್ಟವೆಂದು ಅದಕ್ಕೆ ಹೆಸರು. ಅನುಭವಿಗಳು ಅದನ್ನು ದಾಟಿ ಮುಂದೆ ಹೋಗುವುದರಿಂದಲೇ ಅಲ್ಲಿ ಜಾಗ ಧಾರಾಳ. ಟಿಕೆಟ್ ದುಬಾರಿ. ಕಾಪರ್ ಮೌಂಟನ್‌ನ ಭೂರಚನೆ ಪಶ್ಚಿಮಕ್ಕೆ ಸೌಮ್ಯ, ಪೂರ್ವಕ್ಕೆ ಕಡಿದು. ಕಲಿಯುವವರೂ ಪಳಗಿದವರೂ ಬೆರೆಯದ ಕಾರಣ ಎಲ್ಲರಿಗೂ ಅನುಕೂಲ. ವೇಲ್‌ನ ಹಿಂಬದಿಯ ವಿಶಾಲ ಕಣಿವೆಗಳು ಪುಡಿ ಹಿಮ ಬಯಸುವವರಿಗೆ. ನಮಗೆ ಮುಂಬದಿ ಸಾಕು, ಅದೂ ವಾರದ ದಿನಗಳಲ್ಲಿ. ಶನಿವಾರ ಐ-70 ಹೆದ್ದಾರಿಯ ಸಾಲಿನಲ್ಲಿ ಕುಳಿತವರಿಗೆ ಒಳ್ಳೆಯ ಹಿಮ ಉಳಿದಿರುವುದಿಲ್ಲ.

ಅಮೆರಿಕದಲ್ಲಿ ಇಂದಿಗೂ ಮೂರು ರೆಸಾರ್ಟ್‌ಗಳು ಸ್ನೋಬೋರ್ಡ್‌ಗೆ ಪ್ರವೇಶ ಕೊಡುವುದಿಲ್ಲ: ಯೂಟಾದ ಆಲ್ಟಾ ಮತ್ತು ಡೀರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್. ಆಸ್ಪೆನ್ ಮೌಂಟನ್ 2001ರಲ್ಲಿ, ನ್ಯೂ ಮೆಕ್ಸಿಕೊದ ಟಾವೋಸ್ 2008ರಲ್ಲಿ ಬಾಗಿಲು ತೆರೆದವು. ಆಲ್ಟಾ ಬಹುಪಾಲು ಸರ್ಕಾರದ ಅರಣ್ಯಭೂಮಿಯಲ್ಲಿದೆ. ಅಲ್ಲಿನ ನಿಷೇಧದ ವಿರುದ್ಧ 2014ರಲ್ಲಿ ಹೂಡಿದ ಮೊಕದ್ದಮೆ ವಜಾ ಆಯಿತು, ಮೇಲ್ಮನವಿಯೂ ನಿಲ್ಲಲಿಲ್ಲ. ನ್ಯಾಯಾಲಯದ ತೀರ್ಪನ್ನು ಗೌರವಿಸುತ್ತಲೇ ಹೇಳುತ್ತೇನೆ, ಈ ನಿಷೇಧ ಅನ್ಯಾಯ. ಬೋರ್ಡು ಹಿಮವನ್ನು ಕೆರೆದು ಹಾಳುಮಾಡುತ್ತದೆ ಎಂಬ ಹಳೆಯ ವಾದ ಅಂಚಿನ ಮೇಲೆ ಸಾಗುವವರಿಗೆ ಅನ್ವಯಿಸುವುದಿಲ್ಲ. ಡೀರ್ ವ್ಯಾಲಿ ಇಳಿಜಾರುಗಳನ್ನು ಸಮತಟ್ಟು ಮಾಡುವುದರಲ್ಲಿ ಬಹಳ ಹೆಸರಾದ ಜಾಗ. ನಮ್ಮ ವಿದ್ಯೆಗೆ ಅಷ್ಟು ಹೊಂದುವ ಹಿಮ ನಮಗೇ ಮುಚ್ಚಿದೆ ಎಂಬ ನೋವು ನನಗಿದೆ.

ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಹೊರಟವರೂ ಕಾರ್ವಿಂಗ್ ಬೋರ್ಡ್ ಬಗ್ಗೆ ಬರೆದು ಕೇಳುತ್ತಾರೆ. ಅಲ್ಲಿನ ಗೊಂಡೋಲಾ (ಕೇಬಲ್ ಕಾರು) ಸುಮಾರು 2,650 ಮೀಟರ್‌ನಿಂದ ಹೊರಟು, ಎರಡನೆಯ ಹಂತದಲ್ಲಿ ಅಫರ್ವಾತ್ ಬೆಟ್ಟದ 3,900 ಮೀಟರ್‌ಗೂ ಮೇಲಕ್ಕೆ ಒಯ್ಯುತ್ತದೆ. ಅದರ ಕೀರ್ತಿ ಇರುವುದು ಯಂತ್ರ ಮುಟ್ಟದ ಆಳವಾದ ಪುಡಿ ಹಿಮದಲ್ಲಿ. ಕಿರಿದಾದ ಗಡುಸು ಬೋರ್ಡ್ ಅಲ್ಲಿ ಮೂತಿ ಮುಳುಗಿಸುತ್ತದೆ. ಅಗಲ ಮೂತಿಯ, ತೇಲುವ ಬೋರ್ಡ್ ಒಯ್ಯಿರಿ, ಬೈಂಡಿಂಗ್‌ಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕೂರಿಸಿ. ಮೇಲಿನ ಹಂತದಲ್ಲಿ ಹಿಮಕುಸಿತದ ಅಪಾಯ ನಿಜವಾದುದು: ಅಂದಿನ ಎಚ್ಚರಿಕೆಯ ಪ್ರಕಟಣೆ ಓದದೆ, ಬೀಕನ್ (ಹಿಮದಡಿ ಸಿಕ್ಕವರ ಸುಳಿವು ಕೊಡುವ ಸಾಧನ), ಸಲಿಕೆ, ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಕೋಲು) ಮತ್ತು ಸ್ಥಳೀಯ ಗೈಡ್ ಇಲ್ಲದೆ ಗಡಿಹಗ್ಗ ದಾಟಬೇಡಿ. ಅಂಚಿನ ಅಭ್ಯಾಸವೇ ಬೇಕಿದ್ದವರು ಕೆಳಗಿನ ಸೌಮ್ಯ ಇಳಿಜಾರುಗಳಲ್ಲಿ, ಬೆಳಗಿನ ಗಡುಸು ಹಿಮದ ಮೇಲೆ, ಪ್ರವಾಸಿಗರ ಸ್ಲೆಡ್ಜ್‌ಗಳು ಬರುವ ಮುನ್ನ ಮಾಡಿಕೊಳ್ಳಬಹುದು.