ಗಾಳಿ ಕುಡಿದು ಬಾಹ್ಯಾಕಾಶಕ್ಕೆ: ನಲವತ್ತು ವರ್ಷವಾದರೂ ಹಾರದ ಎಂಜಿನ್

ಅಮೆರಿಕದ ಸ್ಪೇಸ್ ಶಟಲ್ ಫೋಟೊ ನೋಡಿದವರಿಗೆ ಅದರ ಹೊಟ್ಟೆಗೆ ಅಂಟಿಕೊಂಡ ಕಿತ್ತಳೆ ಬಣ್ಣದ ದೊಡ್ಡ ಟ್ಯಾಂಕ್ ನೆನಪಿರುತ್ತದೆ. ಅದರ ತುಂಬ ಇಂಧನ ಅಂತಲೇ ಬಹಳ ಜನ ಅಂದುಕೊಂಡಿದ್ದಾರೆ. ನಿಜವಾಗಿ ಅದರಲ್ಲಿದ್ದ ಇಂಧನ, ಅಂದರೆ ದ್ರವ ಹೈಡ್ರೋಜನ್, ಸುಮಾರು 106 ಟನ್ ಅಷ್ಟೇ. ಜೊತೆಗಿದ್ದದ್ದು 629 ಟನ್ ದ್ರವ ಆಮ್ಲಜನಕ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ. ಹಾಗಾಗಿ ಇಂಧನ ಉರಿಸಲು ಬೇಕಾದ ಆಮ್ಲಜನಕವನ್ನೂ ರಾಕೆಟ್ ಬುತ್ತಿಯ ಹಾಗೆ ಕಟ್ಟಿಕೊಂಡೇ ಹೊರಡಬೇಕು.

ಆದರೆ ಮೊದಲ ಕೆಲವು ನಿಮಿಷ ಸುತ್ತಲೂ ಗಾಳಿ ಇದ್ದೇ ಇದೆ ಅಲ್ವಾ? ಅದನ್ನೇ ಹೀರಿಕೊಂಡರೆ ಅಷ್ಟೂ ಹೊರೆ ಕಡಿಮೆ. ವಿಮಾನದ ಹಾಗೆ ರನ್‌ವೇಯಿಂದ ಎದ್ದು, ಕಕ್ಷೆಗೆ ಹೋಗಿ, ಮತ್ತೆ ಅದೇ ರನ್‌ವೇಗೆ ಬಂದು ಇಳಿಯಬಹುದು. ಯಾವ ಭಾಗವನ್ನೂ ಸಮುದ್ರಕ್ಕೆ ಎಸೆಯಬೇಕಾಗಿಲ್ಲ. ಈ ಆಸೆ ಹೊಸದೇನಲ್ಲ. 1950ರ ದಶಕದ ಕೊನೆಗೇ ಅಮೆರಿಕದ ವಾಯುಪಡೆ 'ಏರೋಸ್ಪೇಸ್‌ಪ್ಲೇನ್' ಎಂಬ ಹೆಸರಲ್ಲಿ ಇದರ ಹಿಂದೆ ಬಿದ್ದಿತ್ತು. 1963ರಲ್ಲಿ ಕೈಬಿಟ್ಟಿತು.

ತೊಡಕು ಇರುವುದು ಗಾಳಿಯಲ್ಲೇ. ಸೈಕಲ್ ಪಂಪು ಹೊಡೆದವರಿಗೆ ಗೊತ್ತು: ನಾಲ್ಕು ಸಲ ಜೋರಾಗಿ ಒತ್ತಿದರೆ ಬುಡ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಶಬ್ದದ ಐದು ಪಟ್ಟು ವೇಗದಲ್ಲಿ, ಅಂದರೆ ಮ್ಯಾಕ್ 5ರಲ್ಲಿ ಹೋಗುವ ವಿಮಾನದ ಎಂಜಿನ್ ಬಾಯಿಗೆ ನುಗ್ಗಿ ನಿಧಾನವಾಗುವ ಗಾಳಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಇನ್ನೂ ಇಂಧನ ಉರಿದೇ ಇಲ್ಲ, ನೆನಪಿರಲಿ. ಈ ಗಾಳಿಯನ್ನು ಮತ್ತಷ್ಟು ಒತ್ತಲು ಹೋದರೆ ಮಾಮೂಲಿ ಜೆಟ್ ಎಂಜಿನ್ನಿನ ಬ್ಲೇಡುಗಳು ತಡೆಯುವುದಿಲ್ಲ. ಅದೂ ಅಲ್ಲದೆ, ಒಂದು ಕೆ.ಜಿ. ಗಾಳಿ ಹೀರಿದರೆ ಅದರಲ್ಲಿ ಆಮ್ಲಜನಕ ಸುಮಾರು 230 ಗ್ರಾಂ ಮಾತ್ರ. ಮಿಕ್ಕಿದ್ದು ಹೆಚ್ಚೂಕಡಿಮೆ ಎಲ್ಲ ಸಾರಜನಕ, ಉರಿಸುವ ಕೆಲಸಕ್ಕೆ ಬಾರದ್ದು. ಬಿಟ್ಟಿ ಗಾಳಿ ಸುಮ್ನೆ ಬರುವುದಿಲ್ಲ.

ಇದಕ್ಕೆ ಎರಡು ದಾರಿ. ಒಂದು, ಗಾಳಿಯನ್ನು ಅಷ್ಟು ನಿಧಾನ ಮಾಡುವುದೇ ಬೇಡ, ಶಬ್ದಕ್ಕಿಂತ ವೇಗವಾಗಿ ಹರಿಯುವಾಗಲೇ ಅದರಲ್ಲಿ ಇಂಧನ ಉರಿಸೋಣ ಎನ್ನುವುದು. ಇದು ಸ್ಕ್ರ್ಯಾಮ್‌ಜೆಟ್. ಬಿರುಗಾಳಿಯಲ್ಲಿ ಬೆಂಕಿಕಡ್ಡಿ ಗೀರಿ ಆರದಂತೆ ಇಟ್ಟುಕೊಳ್ಳುವ ಕೆಲಸ. ನಿಂತಲ್ಲಿಂದ ಇದು ಶುರುವಾಗುವುದೂ ಇಲ್ಲ, ಮೊದಲು ಬೇರೆ ಯಾವುದಾದರೂ ಎಂಜಿನ್ ತಳ್ಳಿಕೊಡಬೇಕು. 1986ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅಮೆರಿಕದ ಸಂಸತ್ತಿನ ಮುಂದೆ ಇಂಥ ವಿಮಾನದ ಕನಸು ಬಿತ್ತಿದರು. ಎಕ್ಸ್-30 ಎಂದು ಹೆಸರಿಟ್ಟರು. 1993ರಲ್ಲಿ ಯೋಜನೆ ನಿಂತಾಗ ಒಂದು ವಿಮಾನವೂ ತಯಾರಾಗಿರಲಿಲ್ಲ. 2004ರ ನವೆಂಬರ್‌ನಲ್ಲಿ ನಾಸಾದ ಪುಟ್ಟ ಎಕ್ಸ್-43ಎ ಮ್ಯಾಕ್ 9.6ರ ಹತ್ತಿರ ಹೋಯಿತು. ಎಂಜಿನ್ ಉರಿದದ್ದು ಸುಮಾರು 10 ಸೆಕೆಂಡು. ಅದನ್ನು ಹೊತ್ತೊಯ್ದದ್ದು ಒಂದು ರಾಕೆಟ್.

ಎರಡನೇ ದಾರಿ ಬ್ರಿಟಿಷರದು. ನನಗೆ ಹೆಚ್ಚು ಹಿಡಿಸಿದ ಕಥೆಯೂ ಅದೇ.

ಅಲನ್ ಬಾಂಡ್ ಎಂಬ ಎಂಜಿನಿಯರ್ 1980ರ ದಶಕದ ಆರಂಭದಲ್ಲಿ ತಲೆ ಓಡಿಸಿದರು. ವಿಮಾನದಲ್ಲಿ ಹೇಗಿದ್ದರೂ ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ಇರುತ್ತದೆ. ಅದರ ತಣ್ಣನೆಯನ್ನೇ ಬಳಸಿ, ಒಳಗೆ ನುಗ್ಗುವ ಬಿಸಿ ಗಾಳಿಯನ್ನು ಒತ್ತುವ ಮೊದಲೇ ಆರಿಸಿಬಿಟ್ಟರೆ? ಈ ಯೋಚನೆಯಿಂದ ರೋಲ್ಸ್ ರಾಯ್ಸ್‌ನ ಆರ್‌ಬಿ545 ಎಂಜಿನ್ ವಿನ್ಯಾಸ ಹುಟ್ಟಿತು. ಅದನ್ನು ಕೂರಿಸಲು ಬ್ರಿಟಿಷ್ ಏರೋಸ್ಪೇಸ್ ಹೋಟಾಲ್ ಎಂಬ ಪೈಲಟ್ ಇಲ್ಲದ ವಿಮಾನ ರೂಪಿಸಿತು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಭಾರವಾದ ಎಂಜಿನ್ ಬಾಲದಲ್ಲಿತ್ತು. ಅದನ್ನು ಸರಿದೂಗಿಸಲು ಹೋದಷ್ಟೂ ಹೊರುವ ಸಾಮಾನು ಕಡಿಮೆಯಾಗುತ್ತಾ ಬಂತು. 1988ರಲ್ಲಿ ಸರ್ಕಾರ ದುಡ್ಡು ನಿಲ್ಲಿಸಿತು. ಎಂಜಿನ್ ವಿನ್ಯಾಸ ಮಾತ್ರ ಸರ್ಕಾರಿ ಗುಟ್ಟಾಗಿಯೇ ಉಳಿಯಿತು. ಮಾಡುವುದೂ ಇಲ್ಲ, ಬಿಡುವುದೂ ಇಲ್ಲ!

ಬಾಂಡ್ ಬಿಡುವ ಆಸಾಮಿ ಅಲ್ಲ. 1989ರಲ್ಲಿ ರಿಚರ್ಡ್ ವಾರ್ವಿಲ್, ಜಾನ್ ಸ್ಕಾಟ್-ಸ್ಕಾಟ್ ಜೊತೆ ಸೇರಿ ರಿಯಾಕ್ಷನ್ ಎಂಜಿನ್ಸ್ ಎಂಬ ಕಂಪನಿ ಕಟ್ಟಿದರು. ಹಳೆಯ ವಿನ್ಯಾಸ ಮುಟ್ಟುವಂತಿರಲಿಲ್ಲ. ಹೊಸ ಎಂಜಿನ್‌ನಲ್ಲಿ ಗಾಳಿಗೂ ಹೈಡ್ರೋಜನ್‌ಗೂ ನಡುವೆ ಹೀಲಿಯಂ ತಂದರು. ಗಾಳಿಯ ಬಿಸಿಯನ್ನು ಹೀಲಿಯಂ ಎತ್ತಿಕೊಳ್ಳುತ್ತದೆ, ಅದೇ ಬಿಸಿಯಿಂದ ಟರ್ಬೈನ್ ತಿರುಗಿಸುತ್ತದೆ, ಆಮೇಲೆ ಹೈಡ್ರೋಜನ್‌ಗೆ ಬಿಸಿ ಕೊಟ್ಟು ತಾನು ತಣ್ಣಗಾಗಿ ಮತ್ತೆ ಸುತ್ತು ಬರುತ್ತದೆ. ಹೆಸರು ಸೇಬರ್. ವಿಮಾನದ ಹೆಸರು ಸ್ಕೈಲಾನ್. ಹೋಟಾಲ್‌ನಿಂದ ಪಾಠ ಕಲಿತು ಎಂಜಿನ್‌ಗಳನ್ನು ಬಾಲದಿಂದ ಕಿತ್ತು ರೆಕ್ಕೆಯ ತುದಿಗಿಟ್ಟರು. ಮ್ಯಾಕ್ 5 ದಾಟುವವರೆಗೆ ಗಾಳಿ ಕುಡಿಯುವುದು, ಆಮೇಲೆ ಬಾಯಿ ಮುಚ್ಚಿಕೊಂಡು ಟ್ಯಾಂಕಿನ ಆಮ್ಲಜನಕದಿಂದ ರಾಕೆಟ್ ಆಗುವುದು. 15 ಟನ್ ಸಾಮಾನು ಹೊತ್ತು ಒಂದೇ ಹಂತದಲ್ಲಿ ಕಕ್ಷೆಗೆ ಹೋಗಬೇಕೆಂಬುದು ಗುರಿ.

ಇದರ ಜೀವಾಳ ಪ್ರೀಕೂಲರ್. ಕೂದಲಿಗಿಂತ ತೆಳು ಗೋಡೆಯ ಸಾವಿರಾರು ಕೊಳವೆಗಳ ಸುರುಳಿ. ಕೆಲಸ ಏನು ಗೊತ್ತೇ? 1000 ಡಿಗ್ರಿ ಗಾಳಿಯನ್ನು ಕಣ್ಣು ಮಿಟುಕಿಸುವುದರೊಳಗೆ ಮೈನಸ್ 150ರ ಹತ್ತಿರ ಇಳಿಸುವುದು. ಕೆಳಮಟ್ಟದಲ್ಲಿ ಹಾರುವಾಗ ಇನ್ನೊಂದು ಪೀಡೆ. ಗಾಳಿಯ ತೇವ ಕೊಳವೆಗಳ ಮೇಲೆ ಹಿಮವಾಗಿ ಕಟ್ಟಿ, ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಹಳೇ ಫ್ರಿಜ್ ಫ್ರೀಜರ್‌ನಲ್ಲಿ ಐಸ್ ಕಟ್ಟುವ ಹಾಗೆ, ಆದರೆ ಕೆಲವೇ ಸೆಕೆಂಡುಗಳಲ್ಲಿ. ಈ ಹಿಮ ತಡೆಯುವ ಉಪಾಯ ಸಿಕ್ಕಿದೆ ಎಂದು ಕಂಪನಿ 2012ರಲ್ಲಿ ಹೇಳಿತು. ಹೇಗೆ ಅಂತ ಮಾತ್ರ ಬಾಯಿ ಬಿಡಲಿಲ್ಲ. ಮೂರು ವರ್ಷದ ಮೇಲೆ ಪೇಟೆಂಟ್ ಕಾಗದಗಳಿಂದ ಗುಟ್ಟು ಹೊರಬಿತ್ತು: ಮೆಥನಾಲ್ ಚಿಮುಕಿಸುವುದು.

ದುಡ್ಡು ಆಮೇಲೆ ಬಂತು. 2013ರಲ್ಲಿ ಬ್ರಿಟನ್ ಸರ್ಕಾರ 6 ಕೋಟಿ ಪೌಂಡ್ ಘೋಷಿಸಿತು. 2015ರಲ್ಲಿ ಬಿಎಇ ಸಿಸ್ಟಮ್ಸ್ ಶೇ. 20 ಪಾಲು ಕೊಂಡಿತು. 2018ರಲ್ಲಿ ಬೋಯಿಂಗ್ ಬಂತು, ರೋಲ್ಸ್ ರಾಯ್ಸೂ ಬಂತು. ಹೌದು, ಮೂವತ್ತು ವರ್ಷ ಹಿಂದೆ ಆರ್‌ಬಿ545 ಯಾರ ಮನೆಯಲ್ಲಿತ್ತೋ ಅದೇ ಕಂಪನಿ. 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ಕೊಲರಾಡೊದಲ್ಲಿ ಹಳೆಯ ಜೆಟ್ ಎಂಜಿನ್ ಬಳಸಿ ಮ್ಯಾಕ್ 5ರ ಬಿಸಿ ಗಾಳಿ ಊದಿದರು. ಸುಮಾರು 1000 ಡಿಗ್ರಿಯ ಆ ಗಾಳಿಯನ್ನು ಪ್ರೀಕೂಲರ್ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ತಣಿಸಿತು. ಎಲ್ಲರೂ ಆಗುವುದಿಲ್ಲ ಎಂದಿದ್ದ ಭಾಗವೇ ಕೆಲಸ ಮಾಡಿತು.

ಹಾಗಾದರೆ ಎಂಜಿನ್ ಎಲ್ಲಿ?

ಬಂದಿಲ್ಲ. 2024ರ ಅಕ್ಟೋಬರ್ 31ರಂದು ರಿಯಾಕ್ಷನ್ ಎಂಜಿನ್ಸ್ ಕೈಯಲ್ಲಿ ಕಾಸಿಲ್ಲದೆ, ದಿವಾಳಿ ಕಂಪನಿಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಇನ್ನೂರರ ಆಸುಪಾಸಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಕೆಲಸ ಕಳೆದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ದುಡ್ಡಿಲ್ಲದೆ ಹೀಗಾಯಿತು ಎನ್ನುವುದು ಸುಲಭ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ಒಂದು ಲೆಕ್ಕ ನೋಡಿ. ಕಕ್ಷೆಗೆ ಬೇಕಾದ ವೇಗ ಸೆಕೆಂಡಿಗೆ ಸುಮಾರು 7.8 ಕಿ.ಮೀ. ಮ್ಯಾಕ್ 5 ಎಂದರೆ ಸುಮಾರು 1.5 ಕಿ.ಮೀ. ಅಷ್ಟೆಲ್ಲ ಒದ್ದಾಡಿ ಗಾಳಿ ಕುಡಿದರೂ ವೇಗದ ಐದನೇ ಒಂದು ಭಾಗ ಸಿಗುತ್ತದೆ. ಮಿಕ್ಕಿದ್ದಕ್ಕೆ ರಾಕೆಟ್ಟೇ ಗತಿ. ಉಳಿತಾಯವಾಗುವುದು ದ್ರವ ಆಮ್ಲಜನಕ, ಅದೋ ರಾಕೆಟ್ಟಿನಲ್ಲೇ ಅಗ್ಗದ ವಸ್ತು. ಆ ಮೊದಲ ಐದನೇ ಭಾಗದಲ್ಲೇ ದಟ್ಟ ಗಾಳಿ, ಜಾಸ್ತಿ ಭಾರ ಎರಡೂ ಇರುತ್ತವೆ, ಅಲ್ಲಿ ಉಳಿಸಿದರೆ ಒಂದೇ ಹಂತದ ವಿಮಾನ ಸಾಧ್ಯ ಎನ್ನುವುದು ಬಾಂಡ್ ಕಡೆಯ ವಾದ. ಅದೂ ಸುಳ್ಳಲ್ಲ.

ನಿಜವಾದ ಇಕ್ಕಟ್ಟು ಬೇರೆ. ಸ್ಕೈಲಾನ್ ಅರ್ಧ ಮಾಡಿ ಹಾರಿಸುವ ವಸ್ತು ಅಲ್ಲ. ಎಂಜಿನ್, ರೆಕ್ಕೆ, ಟ್ಯಾಂಕು, ಶಾಖ ತಡೆಯುವ ಹೊದಿಕೆ ಎಲ್ಲ ಒಟ್ಟಿಗೆ ಸರಿಹೋಗಬೇಕು, ಆಮೇಲೆಯೇ ಮೊದಲ ರೂಪಾಯಿ ಸಂಪಾದನೆ. ಸ್ಪೇಸ್‌ಎಕ್ಸ್ ಬೇರೆ ದಾರಿ ಹಿಡಿಯಿತು. ಫಾಲ್ಕನ್ 9 ಮಾಮೂಲಿ ರಾಕೆಟ್ ಆಗಿಯೇ ಗ್ರಾಹಕರ ಉಪಗ್ರಹ ಹೊತ್ತು ದುಡಿಯಿತು. ಕೆಲಸ ಮುಗಿಸಿ ಕೆಳಗೆ ಬೀಳುವ ಹಂತವನ್ನು ಇಳಿಸುವ ಪ್ರಯೋಗ ಪಕ್ಕದಲ್ಲೇ ನಡೆಯಿತು. ಬಿದ್ದು ಒಡೆದರೆ ಹೇಗಿದ್ದರೂ ಎಸೆಯುವ ಮಾಲು. 2015ರ ಡಿಸೆಂಬರ್‌ನಲ್ಲಿ ಅದು ನೆಟ್ಟಗೆ ಬಂದು ನಿಂತಿತು. ಮರುಬಳಕೆಗೆ ಗಾಳಿ ಕುಡಿಯಲೇಬೇಕು ಎನ್ನುವ ವಾದ ಅವತ್ತೇ ಸೊರಗಿತು.

ನಮ್ಮ ಇಸ್ರೊ ಇದನ್ನು ತುಂಡು ತುಂಡಾಗಿ ಹಿಡಿದಿದೆ. 2016ರ ಆಗಸ್ಟ್ 28ರಂದು ಶ್ರೀಹರಿಕೋಟಾದಿಂದ ಎದ್ದ ರಾಕೆಟ್ ಪಕ್ಕಕ್ಕೆ ಕಟ್ಟಿದ್ದ ಎರಡು ಸ್ಕ್ರ್ಯಾಮ್‌ಜೆಟ್‌ಗಳು ಮ್ಯಾಕ್ 6ರಲ್ಲಿ 5 ಸೆಕೆಂಡು ಉರಿದವು. ವಿಮಾನದ ಹಾಗೆ ಬಂದು ಇಳಿಯಬೇಕಾದ ರೆಕ್ಕೆಯ ವಾಹನದ ಪರೀಕ್ಷೆಯೇ ಬೇರೆ. ಅದೇ ವರ್ಷ ಮೇ 23ರಂದು ಅದು ರಾಕೆಟ್ ಮೇಲೆ ಕೂತು 65 ಕಿ.ಮೀ. ಎತ್ತರ ಮುಟ್ಟಿತು. ಇಳಿಯುವುದನ್ನು ಕಲಿತದ್ದು ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರದ ಪರೀಕ್ಷಾ ನೆಲೆಯಲ್ಲಿ. 2023ರ ಏಪ್ರಿಲ್ 2ರ ಬೆಳಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ತಾನೇ ದಾರಿ ಹುಡುಕಿಕೊಂಡು ರನ್‌ವೇ ಮುಟ್ಟಿತು. 2024ರಲ್ಲಿ ಇನ್ನೂ ಎರಡು ಸಲ ಅದೇ ಆಟ, ಆಗ ಅದಕ್ಕೆ ಪುಷ್ಪಕ್ ಎಂಬ ಹೆಸರಿತ್ತು. ಇಸ್ರೊ ಪಟ್ಟಿಯಲ್ಲಿ ಇಂಥ ನಾಲ್ಕು ಪ್ರಯೋಗಗಳಿವೆ. ರೆಕ್ಕೆಯ ವಾಹನಕ್ಕೆ ಸ್ಕ್ರ್ಯಾಮ್‌ಜೆಟ್ ಕೂರಿಸಿ ಹಾರಿಸುವುದು ನಾಲ್ಕನೆಯದು. ಚಳ್ಳಕೆರೆಯಲ್ಲಿ ಮೂರು ಸಲ ಇಳಿದ ಪುಷ್ಪಕ್ ಮೂರು ಸಲವೂ ಎಂಜಿನ್ ಇಲ್ಲದೆ ತೇಲಿಕೊಂಡೇ ಬಂದದ್ದು.