ತೊಗರಿ ಬೇರಿನ ಹುಳಿ, ಸಾರಿನ ಹುಳಿ

ಧಾರವಾಡದ ನಮ್ಮ ಹಿತ್ತಲಿನದು ಕೆಂಪು ಮಣ್ಣು. ಮೃಗಶಿರಾ ಮಳೆ ಬಿದ್ದ ಮೇಲೆ ಕಾಂಪೌಂಡಿನ ಪಕ್ಕ ಒಂದು ಹಿಡಿ ತೊಗರಿ ಊರಿದ್ದೆ. ಗೊಬ್ಬರ ಹಾಕಲಿಲ್ಲ. ದಸರಾ ಹೊತ್ತಿಗೆ ಗಿಡ ನನ್ನ ತಲೆ ಮೀರಿ ನಿಂತಿತ್ತು.

ಕೆಂಪು ಮಣ್ಣಿನಲ್ಲಿ ಗಿಡಕ್ಕೆ ಬೇಕಾದ ರಂಜಕ (ಫಾಸ್ಫರಸ್) ಇರುತ್ತದೆ. ಆದರೆ ಕಬ್ಬಿಣ ಅದನ್ನು ಬಿಗಿಯಾಗಿ ಹಿಡಿದಿರುವುದರಿಂದ ಎಷ್ಟೋ ಬೆಳೆಗಳಿಗೆ ದಕ್ಕುವುದಿಲ್ಲ. ತೊಗರಿ ಬೇರು ಪಿಸಿಡಿಕ್ ಆಮ್ಲ ಎಂಬ ಹುಳಿಯನ್ನು ಮಣ್ಣಿಗೆ ಬಿಡುತ್ತದೆ. ಆ ಹುಳಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ರಂಜಕ ಬಿಡಿಸಿಕೊಂಡು ಬೇರಿಗೆ ಸಿಗುತ್ತದೆ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ ವಿಜ್ಞಾನಿಗಳು ಇದನ್ನು 1990ರಲ್ಲಿ ಪ್ರಕಟಿಸಿದರು. ಇಷ್ಟು ಜಾಣ ಬೇರು ಹಿತ್ತಲಲ್ಲೇ ಇದೆ ಅಂದರೆ ಖುಷಿ ಅಲ್ವಾ?

ಕಳೆ ಕೀಳುವಾಗ ಒಂದು ಸಸಿಯೂ ಕಿತ್ತು ಬಂತು. ಬೇರಿನ ಮೇಲೆ ಸಾಸಿವೆಯಷ್ಟು ದಪ್ಪದ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಪ್ರೋಟೀನಾದ ಲೆಗ್‌ಹಿಮೋಗ್ಲೋಬಿನ್‌ನ ಬಣ್ಣ ಅದು. ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂಬುದಕ್ಕೆ ಅದೇ ಗುರುತು.

ಎಳ್ಳಮಾವಾಸ್ಯೆಗೆ ಕಾಯಿ ತುಂಬಿದವು. ಹಸಿ ಕಾಯನ್ನು ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಕುದಿಸಿ, ಬಿಸಿಬಿಸಿ ಇರುವಾಗಲೇ ಸುಲಿದು ತಿನ್ನಬೇಕು. ಅದರ ಮುಂದೆ ಬೇರೆ ತಿಂಡಿ ಬೇಡ.

ತೊಂದರೆ ಆಗಿದ್ದು ಒಣಗಿದ ಕಾಳಿನಲ್ಲಿ. ಬೋರ್ ನೀರಿಗೆ ಕಾಳು, ಹುಣಸೆಹುಳಿ ಎಲ್ಲಾ ಒಟ್ಟಿಗೇ ಹಾಕಿ ಒಲೆಗಿಟ್ಟೆ. ಒಂದು ತಾಸು ಕುದಿದರೂ ಕಾಳು ಹಲ್ಲಿಗೆ ಕಟಕಟ ಅನ್ನುತ್ತಿತ್ತು. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್. ಅದು ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ. ಬೋರಿನ ಗಡಸು ನೀರಿನ ಕ್ಯಾಲ್ಸಿಯಂ ಪೆಕ್ಟಿನ್‌ಗೆ ಕೂಡಿಕೊಂಡು ಅದನ್ನು ಇನ್ನೂ ಬಿಗಿ ಮಾಡುತ್ತದೆ. ಹುಳಿ ಇದ್ದರೆ ಪೆಕ್ಟಿನ್ ಕರಗುವುದು ಮತ್ತೂ ತಡ. ಮಣ್ಣಿನಲ್ಲಿ ಗಂಟು ಬಿಡಿಸಿದ ಹುಳಿ, ಪಾತ್ರೆಯಲ್ಲಿ ಗಂಟು ಬಿಗಿಯುತ್ತದೆ!

ಬೋರ್ ನೀರಾಗ ಬ್ಯಾಳಿ ಬೇಯಂಗಿಲ್ಲ ಅಂತ ಅಡುಗೆಗೆ ಕೆರೆ ನೀರು ತರುತ್ತಿದ್ದ ನಮ್ಮ ಕಡೆಯ ಹೆಂಗಸರು ಸುಮ್ನೆ ಕೊಡ ಹೊರಲಿಲ್ಲ. ನಾನೀಗ ಚಾವಣಿಯ ಮಳೆನೀರನ್ನು ಸೋಸಿ ಇಟ್ಟುಕೊಳ್ಳುತ್ತೇನೆ. ರಾತ್ರಿ ಅದರಲ್ಲೇ ಕಾಳು ನೆನೆಹಾಕಿ, ಬೆಳಿಗ್ಗೆ ಅದೇ ನೀರಿನಲ್ಲಿ ಬೇಯಿಸುತ್ತೇನೆ. ಎರಡು ಬೆರಳ ನಡುವೆ ಒತ್ತಿದಾಗ ಕಾಳು ಬೆಣ್ಣೆಯಂತೆ ನುರಿಯಬೇಕು. ಹುಣಸೆ ರಸ ಆಮೇಲೆ.