ಸಾಸ್ವೆ ಘಾಟು ಎಷ್ಟು ಬೇಕು ಅನ್ನೋದು ಬಾಣಲೆಗೆ ಮುಂಚೆ ಯೋಚಿಸಿ

ಮೇ ತಿಂಗಳು ಬಂತು ಅಂದ್ರೆ ನನ್ನ ಫೋನ್ ಸುಮ್ನಿರಲ್ಲ. ಶ್ರೀನಿವಾಸಪುರದ ಕಡೆ ಮಾವಿನಕಾಯಿ ಲೋಡ್ ಲೋಡ್ ಇಳಿಯೋ ಟೈಮು, ನಮ್ಮ ಉಪ್ಪಿನಕಾಯಿ ಯೂನಿಟ್‌ನಲ್ಲಿ ಕೈ ತೊಳ್ಕೊಳ್ಳೋಕೂ ಪುರುಸೊತ್ತಿಲ್ಲ, ಅದರ ಮಧ್ಯೆ ಮೊನ್ನೆ ಕೋಲಾರದಿಂದ ಒಬ್ರು ಫೋನ್ ಮಾಡಿ "ಅಕ್ಕಾ, ಈ ಸಲ ಆವಕಾಯಿ ಕಹಿ ಬಂದ್ಬಿಟ್ಟಿದೆ, ಘಾಟೇ ಇಲ್ಲ, ಸಾಸ್ವೆ ಯಾವುದೋ ಡೂಪ್ಲಿಕೇಟ್ ಕೊಟ್ಬಿಟ್ಟಿದಾರೆ ಅನ್ಸುತ್ತೆ" ಅಂದ್ರು. ಹೇಗೆ ಮಾಡಿದ್ರಿ ಅಂತ ಕೇಳ್ದೆ. ಮೆಂತ್ಯ ಹುರಿದ ಬಾಣಲೆಗೇ ಸಾಸ್ವೆನೂ ಹಾಕಿ ಚಟಪಟ ಅನ್ನೋವರೆಗೂ ಹುರಿದು ಪುಡಿ ಮಾಡಿದ್ರಂತೆ. ಅಂಗಡಿಯವನದು ಏನೂ ತಪ್ಪಿಲ್ಲ ಬಿಡಿ.

ನಮ್ಮ ಕಡೆ ಅರ್ಧ ಜನ ಮನೇಲಿ ತೆಲುಗು ಮಾತಾಡ್ತಾರೆ, ಆದ್ರೂ ಆವಕಾಯಿ ಅಂದ್ರೆ ಮಾವಿನಕಾಯಿ ಅಂತಾನೇ ಅಂದ್ಕೊಂಡಿರ್ತಾರೆ. ಆವ ಅಂದ್ರೆ ಸಾಸ್ವೆ. ಹೆಸರಲ್ಲೇ ಇರೋದನ್ನ ಹುರಿದು ಸಾಯಿಸಿದ್ರೆ ಇನ್ನೇನು ಉಳಿಯುತ್ತೆ ಹೇಳಿ.

ಸಾಸ್ವೆ ಕಾಳಲ್ಲಿ ಘಾಟು ರೆಡಿಯಾಗಿ ಕೂತಿರಲ್ಲ. ಎಲೆ, ಅಡಿಕೆ, ಸುಣ್ಣ ತಟ್ಟೇಲಿ ಬೇರೆ ಬೇರೆ ಇದ್ದಾಗ ಕೆಂಪು ಎಲ್ಲಿರುತ್ತೆ? ಬಾಯಲ್ಲಿ ಹಾಕ್ಕೊಂಡು ಅಗಿದ್ಮೇಲೆ ತಾನೇ ಬರೋದು? ಇದೂ ಹಂಗೇ. ಕಾಳಿನ ಒಳಗೆ ಸಿನಿಗ್ರಿನ್ ಅನ್ನೋ ಕಹಿ ಪದಾರ್ಥ ಒಂದು ಕಡೆ, ಮೈರೋಸಿನೇಸ್ ಅನ್ನೋ ಕಿಣ್ವ ಇನ್ನೊಂದು ಕಡೆ ಇರುತ್ತೆ, ಕಾಳು ಒಡೆದು ನೀರು ತಾಕಿದಾಗ ಎರಡೂ ಸೇರ್ಕೊಂಡು ಆ ಮೂಗಿಗೆ ಹೊಡೆಯೋ ಎಣ್ಣೆ ಹುಟ್ಟುತ್ತೆ. ಜಾಸ್ತಿ ಕಾವು ತಾಗಿದ್ರೆ ಕಿಣ್ವ ಸತ್ತೋಗುತ್ತೆ, ಕಹಿ ಮಾತ್ರ ಹಂಗೇ ಉಳ್ಕೊಳುತ್ತೆ. ಒಗ್ಗರಣೇಲಿ ಸಿಡಿದ ಸಾಸ್ವೆ ಕಡಲೆಕಾಯಿ ಬೀಜದ ಥರ ಘಮ್ ಅನ್ನುತ್ತೆ ಹೊರತು ಘಾಟು ಬರಲ್ಲ, ಅದಕ್ಕೂ ಇದೇ ಕಾರಣ. ಸಾಸ್ವೆ ಪುಡೀನ ಬಿಸಿನೀರಲ್ಲಿ ಕಲಸಿದ್ರೂ ಇದೇ ಗತಿ, ಯಾವಾಗ್ಲೂ ತಣ್ಣೀರೇ ಹಾಕಿ.

ಹಾಗಾಗಿ ಅಂಗಡೀಲಿ ಸಾಸ್ವೆ ಮೂಟೆಗೆ ಮೂಗಿಟ್ಟು ವಾಸನೆ ನೋಡೋದು ವೇಸ್ಟು. ನಾನು ಮಾಡೋದು ಇಷ್ಟೇ, ಒಂದು ಐದಾರು ಕಾಳು ಮುಂದಿನ ಹಲ್ಲಲ್ಲಿ ಪುಡಿ ಮಾಡಿ ನಾಲಿಗೆ ಮೇಲೆ ಇಟ್ಕೊಂಡು ಹತ್ತರವರೆಗೂ ಎಣಿಸ್ತೀನಿ. ಮೊದಲು ಸ್ವಲ್ಪ ಕಹಿ ಬರುತ್ತೆ, ಆಗ ಉಗಿಬೇಡಿ, ಆಮೇಲೆ ಮೂಗಿನ ಮೇಲ್ಗಡೆ ಚುರ್ ಅಂದ್ರೆ ಮಾಲು ಚೆನ್ನಾಗಿದೆ. ಬರೀ ಕಹಿ ಉಳಿದು ಚುರ್ ಅನ್ನದೇ ಇದ್ರೆ ಹಳೇದು, ಒಗ್ಗರಣೆಗೆ ಆಗುತ್ತೆ, ರುಬ್ಬೋದಕ್ಕೆ ಬೇಡ.

ದಪ್ಪ ಸಾಸ್ವೆನಾ ಸಣ್ಣ ಸಾಸ್ವೆನಾ ಅಂತ ಕೇಳ್ತಾರೆ. ನನ್ನ ಕೈಗೆ ಸಿಕ್ಕಿರೋ ಮಟ್ಟಿಗೆ ಸಣ್ಣದರಲ್ಲಿ ಘಾಟು ಜಾಸ್ತಿ, ಅದರಲ್ಲೂ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಬೆಳೆದಿದ್ದು ಯಾರಾದ್ರೂ ಸೇರು ಲೆಕ್ಕದಲ್ಲಿ ಕೊಟ್ರೆ ನಾನಂತೂ ಬಿಡಲ್ಲ. ಬಿಳಿ ಸಾಸ್ವೆದು ಬೇರೆ ಕಥೆ, ಅದರಲ್ಲಿರೋದು ಸಿನಾಲ್ಬಿನ್, ಅದರ ಖಾರ ಆವಿಯಾಗಿ ಮೂಗಿಗೆ ಏರಲ್ಲ, ನಾಲಿಗೆ ಮೇಲೇ ನಿಂತ್ಕೊಳುತ್ತೆ. ಬರ್ಗರ್ ಜೊತೆ ಕೊಡೋ ಹಳದಿ ಅಮೆರಿಕನ್ ಮಸ್ಟರ್ಡ್ ಅದರದ್ದೇ, ಆ ಗಾಢ ಹಳದಿ ಬಣ್ಣ ಮಾತ್ರ ನಮ್ಮ ಅರಿಶಿನದ್ದು. ಡಿಜಾನ್ ಅನ್ನೋ ಫ್ರೆಂಚ್ ಬಾಟಲಿ ಕಂದು ಸಾಸ್ವೆದು, ಮೂಗಿಗೆ ಬರುತ್ತೆ. ಇಂಗ್ಲಿಷ್ ಮಸ್ಟರ್ಡ್ ಎರಡೂ ಸೇರಿಸಿದ್ದು, ಮಕ್ಕಳ ಸ್ಯಾಂಡ್‌ವಿಚ್‌ಗೆ ಹಚ್ಚೋಕೆ ಮುಂಚೆ ನೀವು ಒಂಚೂರು ನೆಕ್ಕಿ ನೋಡಿ. ಇನ್ನು ನಮ್ಮಂಗಡೀಲಿ ಹಳದಿ ಸಾಸ್ವೆ ಅಂತ ಕೊಡೋದೆಲ್ಲಾ ಆ ವಿದೇಶಿ ಬಿಳಿ ಸಾಸ್ವೆ ಅಲ್ಲ, ಉತ್ತರದ ಕಡೆಯ ಪೀಲಿ ಸರ್ಸೋನೂ ಅದೇ ಹೆಸರಲ್ಲಿ ಬರುತ್ತೆ, ಅದು ಟರ್ನಿಪ್ ಜಾತಿಗೆ ಸೇರಿದ್ದು. ಬಣ್ಣ ನೋಡಿ ಘಾಟು ಹೇಳೋಕಾಗಲ್ಲ, ಅಗಿದೇ ನೋಡ್ಬೇಕು.

ಕಾಳು ಆರಿಸಿದ್ಮೇಲೂ ಘಾಟು ನಿಮ್ಮ ಕೈಯಲ್ಲೇ ಇರುತ್ತೆ. ಯುಗಾದಿಗೆ ಮಾಡೋ ಮಾವಿನಕಾಯಿ ಚಿತ್ರಾನ್ನ ತಗೊಳ್ಳಿ. ಒಂದು ಪಾವು ಅಕ್ಕಿಗೆ ಅರ್ಧ ಟೀ ಚಮಚ ಹಸಿ ಸಾಸ್ವೆ, ಕಾಯಿತುರಿ, ಒಣಮೆಣಸಿನಕಾಯಿ, ಚೂರು ಅರಿಶಿನ ಹಾಕಿ ರುಬ್ಬಿ. ಸಾಸ್ವೆನ ಮೊದಲು ಒಂದೆರಡು ಚಮಚ ತಣ್ಣೀರಲ್ಲಿ ಪುಡಿ ಮಾಡಿ ಹತ್ತು ನಿಮಿಷ ಬಿಟ್ಟು, ಆಮೇಲೆ ಮಾವಿನಕಾಯಿ ಸೇರಿಸಿದ್ರೆ ಘಾಟು ಜೋರು, ಯಾಕಂದ್ರೆ ಹುಳಿ ಮೊದಲೇ ಬಿದ್ರೆ ಆ ಕಿಣ್ವದ ಕೆಲಸ ನಿಧಾನ ಆಗುತ್ತೆ. ಹುಟ್ಟಿದ ಘಾಟು ಹಾರಿಹೋಗದಂಗೆ ಹಿಡ್ಕೊಳ್ಳೋದೂ ಹುಳೀನೇ, ಬರೀ ನೀರಲ್ಲಿ ಕಲಸಿಟ್ಟಿದ್ದು ಸಾಯಂಕಾಲಕ್ಕೆಲ್ಲಾ ಸಪ್ಪೆ. ನಮ್ಮ ಅತ್ತೆ ರುಬ್ಬಿದ್ದನ್ನ ಸ್ಟವ್ ಆಫ್ ಮಾಡಿ ಆಮೇಲೆ ಒಗ್ಗರಣೆಗೆ ಹಾಕ್ತಿದ್ರು, ನಾನು ಮಕ್ಕಳಿಗೋಸ್ಕರ ಎರಡು ನಿಮಿಷ ಬಾಡಿಸ್ತೀನಿ, ಅಷ್ಟರಲ್ಲೇ ಅರ್ಧ ಘಾಟು ಇಳಿದಿರುತ್ತೆ. ಈ ವಿಷಯಕ್ಕೆ ನಮ್ಮಿಬ್ರಿಗೂ ಪ್ರತೀ ಯುಗಾದಿಗೂ ಒಂದು ಮಾತು ಆಗೇ ಆಗ್ತಿತ್ತು.

ಉಪ್ಪಿನಕಾಯಿಗಾದ್ರೆ ಸಾಸ್ವೆನ ಒಂದು ದಿನ ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಹುರೀಬೇಡಿ, ಮಿಕ್ಸೀಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದ್ರೆ ಜಾರ್ ಕಾಯುತ್ತೆ. ಎಣ್ಣೆ ಕಾಯಿಸಿದ್ರೆ ಪೂರ್ತಿ ಆರಿದ್ಮೇಲೇ ಹಾಕಿ. ನೀರು ಬೇಡ, ಹೋಳು ಬಿಡೋ ರಸಾನೇ ಸಾಕು.

ಲೂಸ್ ಸಾಸ್ವೆ ತರೋರು ಬಿಳಿ ತಟ್ಟೆ ಮೇಲೆ ಒಂದು ಹಿಡಿ ಹರಡಿ ನೋಡಿ. ಸಾಸ್ವೆ ನುಣ್ಣಗಿರುತ್ತೆ, ಅದರ ಜೊತೆ ಬೆರಕೆಯಾಗಿ ಬರೋ ಆರ್ಜಿಮೋನ್ ಅನ್ನೋ ವಿಷದ ಕಳೆಗಿಡದ ಬೀಜದ ಮೈ ಒರಟು, ಬಲೆ ಥರ ಗೆರೆ ಇರುತ್ತೆ. 1998ರಲ್ಲಿ ದೆಹಲೀಲಿ ಸಾಸ್ವೆ ಎಣ್ಣೆಗೆ ಅದರ ಎಣ್ಣೆ ಬೆರಕೆಯಾಗಿ ಜನ ಸತ್ತಿದ್ರು.

ಫೋನ್ ಮಾಡಿದವರಿಗೆ ಹೇಳಿದ್ದು ಇಷ್ಟು, ಆ ಜಾಡಿ ಚೆಲ್ಲಬೇಡಿ, ಅಷ್ಟೇ ಮಾವಿನಕಾಯಿಗೆ ಹುರೀದೇ ಇರೋ ಸಾಸ್ವೆ ಪುಡಿ ಹಾಕಿ ಇನ್ನೊಂದು ಜಾಡಿ ಮಾಡಿ, ವಾರ ಬಿಟ್ಟು ಎರಡೂ ಬೆರೆಸಿ. "ಮತ್ತೆ ಆರು ಕೆಜಿ ಕಾಯಿ ಹೆಚ್ಚಬೇಕಾ ಅಕ್ಕಾ?" ಅಂದ್ರು. ಹೂಂ, ಹೆಚ್ಚಬೇಕು.